ಈ ಹೂವೋ, ಈ ಜಾತಿಯ ಹೂವೋ: ಪುನರುಜ್ಜೀವನ ಕಾಲದ ಸಸ್ಯಚಿತ್ರಗಳು

(ಚಿತ್ರಕಲೆ ಮತ್ತು ಸಸ್ಯಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ನಿಸರ್ಗ ಚರಿತ್ರೆಯ 25ನೆಯ ಭಾಗದಲ್ಲಿ ಗಿಡಮೂಲಿಕೆಗಳ ವಿಷಯಕ್ಕೆ ಬಂದಾಗ ಕ್ರಾಟಿಯಸ್, ಡಯೊನೀಸಿಯಸ್, ಮೆಟ್ರೊಡೋರಸ್ ಎಂಬ ಮೂವರು ಗ್ರೀಕರನ್ನು ನೆನೆಯುತ್ತಾನೆ. ಗಿಡದ ಚಿತ್ರ ಬರೆದು ಅದರ ಕೆಳಗೆ ಗುಣಗಳನ್ನು ವಿವರಿಸುವ ಪದ್ಧತಿಯನ್ನು ಬಳಕೆಗೆ ತಂದವರು ಇವರು. ಈ ಪದ್ಧತಿ ಮನಸ್ಸನ್ನು ಸೆಳೆಯುವಂಥದ್ದು ಎಂದು ಒಪ್ಪಿಕೊಂಡೇ ಪ್ಲಿನಿ ಅದರಲ್ಲಿರುವ ತೊಡಕುಗಳನ್ನು ಹೇಳುತ್ತಾನೆ. ನಿಸರ್ಗದಲ್ಲಿರುವ ಬಣ್ಣಗಳು ಅಸಂಖ್ಯ. ನಕಲು ಮಾಡುವವರ ಕೈಯಲ್ಲಿ ಚಿತ್ರ ಕೆಡುತ್ತದೆ. ಇವೆರಡೂ ಸರಿಹೋದರೂ ಗಿಡವನ್ನು ಅದರ ಬಾಳಿನ ಒಂದೇ ಹೊತ್ತಿನಲ್ಲಿ ಬರೆದರೆ ಪ್ರಯೋಜನವಿಲ್ಲ, ಏಕೆಂದರೆ ಋತು ಬದಲಾದಂತೆ ಅದರ ರೂಪವೂ ಬದಲಾಗುತ್ತದೆ.

ಮೊದಲೆರಡು ತೊಡಕುಗಳು ಕೈಚಳಕಕ್ಕೂ ಎಚ್ಚರಕ್ಕೂ ಸಂಬಂಧಿಸಿದವು. ಮೂರನೆಯದು ಹಾಗಲ್ಲ. ಚಿತ್ರ ಒಂದು ಗಳಿಗೆಯದು, ಗಿಡ ಇಡೀ ವರ್ಷದ್ದು. ಹಾಗಿದ್ದ ಮೇಲೆ ಗಿಡದ ಚಿತ್ರ ಎಂದರೆ ಏನು ಎಂಬ ಪ್ರಶ್ನೆ ಅಲ್ಲಿದೆ. 15 ಮತ್ತು 16ನೆಯ ಶತಮಾನಗಳ ಯೂರೋಪಿನಲ್ಲಿ ಹೂವನ್ನು ಎದುರಿಗಿಟ್ಟುಕೊಂಡು ಬರೆದ ಚಿತ್ರಕಾರರು ಈ ಪ್ರಶ್ನೆಗೆ ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದದವು. ಒಂದು ಗುಂಪು ಕಣ್ಣೆದುರಿನ ಈ ಹೂವನ್ನು, ಈ ದಿನ ಕಂಡಂತೆ ಬರೆಯಿತು. ಇನ್ನೊಂದು ಗುಂಪು ಈ ಜಾತಿಯ ಹೂವನ್ನು, ಎಲ್ಲ ಕಾಲಕ್ಕೂ ಸಲ್ಲುವಂತೆ ಬರೆಯಿತು. ಇಂದಿನ ನನ್ನ ಮಾತೆಲ್ಲ ಈ ಎರಡರ ನಡುವಿನ ಎಳೆದಾಟದ ಬಗ್ಗೆ.

ಅದಕ್ಕೆ ಹಿಂದಿನ ಸಾವಿರ ವರ್ಷಗಳನ್ನು ಬೇಗ ದಾಟಿಬಿಡೋಣ. ಸುಮಾರು 512ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ರಾಜಕುಮಾರಿ ಜೂಲಿಯಾನಾ ಅನೀಸಿಯಾಳಿಗಾಗಿ ಸಿದ್ಧವಾದ, ಈಗ ವಿಯೆನ್ನಾದಲ್ಲಿರುವ, ಗ್ರೀಕ್ ವೈದ್ಯ ಡಯೊಸ್ಕೊರಿಡೀಸನ ಗಿಡಮೂಲಿಕೆ ಗ್ರಂಥದ ಹಸ್ತಪ್ರತಿಯಲ್ಲಿ ಜೀವಂತ ಗಿಡವನ್ನು ನೋಡಿ ಬರೆದಂತೆ ಕಾಣುವ ಪುಟಗಳಿವೆ. ಆಮೇಲಿನ ಶತಮಾನಗಳಲ್ಲಿ ಪ್ರತಿಯಿಂದ ಪ್ರತಿಗೆ ನಕಲಾಗುತ್ತ ಎಲೆಗಳು ಎದುರುಬದುರಾಗಿ ಸರಿಸಮ ನಿಂತವು, ಬೇರುಗಳು ಅಲಂಕಾರದ ಬಳ್ಳಿಗಳಾದವು. ಪ್ಲಿನಿ ಹೆದರಿದ್ದ ಎರಡನೆಯ ತೊಡಕು ಅಕ್ಷರಶಃ ನಡೆದುಹೋಯಿತು. ಎಲ್ಲ ಕಡೆಯೂ ಹೀಗೇ ಆಯಿತು ಎಂದಲ್ಲ. 1400ರ ಆಸುಪಾಸಿನಲ್ಲಿ ಪಡುವಾದ ದೊರೆ ಕರಾರನಿಗಾಗಿ ಬರೆದ ಗ್ರಂಥದಲ್ಲಿ ಕೆಲವು ಗಿಡಗಳು ಮತ್ತೆ ಉಸಿರಾಡುತ್ತವೆ.

ಹೊಸ ಬಗೆಯ ಹೂವಿನ ಚಿತ್ರ ಹುಟ್ಟಿದ್ದು ವೈದ್ಯರ ಮೇಜಿನ ಮೇಲಲ್ಲ, ಚಿತ್ರಕಾರರ ಕಾರ್ಯಾಗಾರದಲ್ಲಿ. ಮರಿಯಮ್ಮನ ಚಿತ್ರಕ್ಕೆ ಬಿಳಿ ಲಿಲ್ಲಿ ಬೇಕು, ಪಿಯೋನಿ ಬೇಕು. ಹೂವು ಅರಳುವುದು ಕೆಲವೇ ವಾರ, ಚಿತ್ರದ ಕೆಲಸವಾದರೋ ವರ್ಷವಿಡೀ ನಡೆಯುವಂಥದ್ದು. ಆದ್ದರಿಂದ ಹೂಬಿಟ್ಟಾಗ ಹಾಳೆಯ ಮೇಲೆ ಬರೆದಿಟ್ಟುಕೊಂಡು ಬೇಕಾದಾಗ ತೆಗೆದು ನೋಡುವ ವಾಡಿಕೆ ಬೆಳೆಯಿತು. ಕೋಲ್ಮಾರ್ ಊರಿನ ಮಾರ್ಟಿನ್ ಶೋನ್‌ಗಾವರ್ 1472-73ರ ಹೊತ್ತಿಗೆ ಬರೆದ ಪಿಯೋನಿ ಹೂಗಳ ಹಾಳೆ ಈಗ ಅಮೆರಿಕದ ಗೆಟ್ಟಿ ಸಂಗ್ರಹಾಲಯದಲ್ಲಿದೆ. ಅರಳಿದ ಹೂವನ್ನು ಒಂದಕ್ಕಿಂತ ಹೆಚ್ಚು ದಿಕ್ಕುಗಳಿಂದ ನೋಡಿ, ಜೊತೆಗೆ ಮೊಗ್ಗನ್ನೂ ಬರೆದಿದ್ದಾನೆ. 1473ರ ಅವನ ಗುಲಾಬಿ ತೋಟದ ಮರಿಯಮ್ಮನ ಚಿತ್ರಕ್ಕೆ ಇದು ಪೂರ್ವಸಿದ್ಧತೆ. ಇಪ್ಪತ್ತೊಂದು ವರ್ಷದ ಜರ್ಮನ್ ಚಿತ್ರಕಾರ ಆಲ್‌ಬ್ರೆಷ್ಟ್ ಡ್ಯೂರರ್ 1492ರಲ್ಲಿ ಇವನನ್ನು ಕಾಣಲೆಂದು ಕೋಲ್ಮಾರ್‌ಗೆ ಹೋದಾಗ ಶೋನ್‌ಗಾವರ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಭೇಟಿ ಆಗಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ನನ್ನಂಥವರ ಚಪಲ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಲಿಯೊನಾರ್ಡೊ ದ ವಿಂಚಿ ಸುಮಾರು 1482ರಲ್ಲಿ ಫ್ಲಾರೆನ್ಸ್ ಬಿಟ್ಟು ಮಿಲಾನ್‌ಗೆ ಹೋಗುವ ಹೊತ್ತಿಗೆ ತನ್ನ ಬಳಿಯಿದ್ದ ಕೆಲಸಗಳ ಪಟ್ಟಿಯೊಂದನ್ನು ಮಾಡಿಕೊಂಡಿದ್ದ. ಆ ಪಟ್ಟಿಯಲ್ಲಿ ನಿಸರ್ಗವನ್ನು ನೋಡಿ ಬರೆದ ಅನೇಕ ಹೂಗಳು ಎಂಬ ನಮೂದಿದೆ. ಅವುಗಳಲ್ಲಿ ಹೆಚ್ಚಿನವು ಉಳಿದಿಲ್ಲ. ಉಳಿದ ಸಸ್ಯಚಿತ್ರಗಳಲ್ಲಿ ಬಹುಪಾಲು, ನಂತರದ ವರ್ಷಗಳವೂ ಸೇರಿದಂತೆ, ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿವೆ. ಅಲ್ಲಿನ ಬಿಳಿ ಲಿಲ್ಲಿಯ ಹಾಳೆ ಯೌವನ ಕಾಲದ್ದು. 31 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು ಎತ್ತರ, 18ಕ್ಕೆ ಸ್ವಲ್ಪ ಕಡಿಮೆ ಅಗಲ. ಕಪ್ಪು ಸೀಮೆಸುಣ್ಣದ ಗುರುತಿನ ಮೇಲೆ ಲೇಖನಿಯಿಂದ ಮಸಿ ಎಳೆದು, ತೆಳುವಾದ ಕಾವಿಬಣ್ಣ ಹರಿಸಿದ್ದಾನೆ. ಹತ್ತಿರದಿಂದ ನೋಡಿದರೆ ಹೊರರೇಖೆಯ ಉದ್ದಕ್ಕೂ ಸೂಜಿಯಿಂದ ಚುಚ್ಚಿದ ಸಣ್ಣ ತೂತುಗಳಿವೆ. ನಮ್ಮ ಮನೆಗಳಲ್ಲಿ ತೂತಿನ ತಗಡನ್ನು ನೆಲದ ಮೇಲಿಟ್ಟು ರಂಗೋಲಿ ಪುಡಿ ಉದುರಿಸುವಂತೆಯೇ, ಈ ತೂತುಗಳ ಮೂಲಕ ಇದ್ದಿಲ ಪುಡಿಯನ್ನು ಒತ್ತಿ ಹಲಗೆಯ ಮೇಲೆ ಚಿತ್ರ ಇಳಿಸಿಕೊಳ್ಳುತ್ತಿದ್ದರು. ಅಂದರೆ ಇದು ಕೆಲಸದ ಹಾಳೆ, ಗೋಡೆಗೆ ತೂಗುಹಾಕಲು ಬರೆದದ್ದಲ್ಲ. ಆದರೂ ಈ ಲಿಲ್ಲಿಗೆ ಕರಾರುವಾಕ್ಕಾಗಿ ಹೊಂದುವ ವರ್ಣಚಿತ್ರ ಇಂದು ಯಾವುದೂ ಇಲ್ಲ.

ಕೆಲಸದ ಹಾಳೆಗೆ ಬೇಕಾದ್ದಕ್ಕಿಂತ ಹೆಚ್ಚಿನದು ಅಲ್ಲಿದೆ ಎಂಬುದನ್ನು ಗಮನಿಸಬೇಕು. ಮರಿಯಮ್ಮನ ಬಳಿಗೆ ಬರುವ ದೇವದೂತನ ಕೈಯಲ್ಲಿ ಹಿಡಿಸಲು ಲಿಲ್ಲಿಯ ಒಟ್ಟು ಆಕಾರ ಸಾಕಿತ್ತು. ಲಿಯೊನಾರ್ಡೊ ಕೇಸರದ ತುದಿಯ ಪರಾಗಕೋಶ ಹೇಗೆ ಅಡ್ಡಕ್ಕೆ ತೂಗುತ್ತದೆ, ಮೊಗ್ಗು ಕಾಂಡದಿಂದ ಯಾವ ಕೋನದಲ್ಲಿ ಹೊರಟು ಬಾಗುತ್ತದೆ ಎಂಬುದನ್ನೆಲ್ಲ ಬರೆದ. ಕೇಸರ ಹೂವಿನ ಗಂಡುಭಾಗ ಎಂಬುದು ಅವನಿಗೆ ಮಾತ್ರವಲ್ಲ, ಆ ಕಾಲದ ಯಾವ ವಿದ್ವಾಂಸನಿಗೂ ತಿಳಿದಿರಲಿಲ್ಲ. ಔಡಲ ಗಿಡದ ಗಂಡು ಹೂಗಳನ್ನು ಕಿತ್ತುಹಾಕಿದರೆ ಬೀಜ ಕಟ್ಟುವುದಿಲ್ಲ ಎಂದು ರುಡಾಲ್ಫ್ ಕಾಮೆರಾರಿಯಸ್ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಪ್ರಯೋಗ ಮಾಡಿ ತೋರಿಸಿ ಪ್ರಕಟಿಸಿದ್ದು 1694ರಲ್ಲಿ. ಏತಕ್ಕಿದೆ ಎಂದು ಗೊತ್ತಿಲ್ಲದ ಅಂಗವನ್ನು ಇಷ್ಟು ಸರಿಯಾಗಿ ಬರೆಯಬೇಕಾದರೆ ಕಣ್ಣು ಜ್ಞಾನಕ್ಕಿಂತ ಮುಂದೆ ನಡೆದಿರಬೇಕು.

ಈಗ ಪರದೆಯ ಮೇಲಿರುವುದು ಅವನ ಹೂವಿನ ಚಿತ್ರಗಳಲ್ಲೇ ಹೆಚ್ಚು ಪ್ರಸಿದ್ಧವಾದದ್ದು, ಬೆತ್ಲೆಹೆಮ್‌ನ ನಕ್ಷತ್ರ ಎಂಬ ಗಡ್ಡೆ ಗಿಡ. 1505ರ ನಂತರದ ವರ್ಷಗಳದ್ದು. ನಿಮ್ಮ ಅಂಗೈಯನ್ನು ಬಿಡಿಸಿ ಇಟ್ಟರೆ ಬಹುಮಟ್ಟಿಗೆ ಮುಚ್ಚಿಹೋಗುವಷ್ಟು, ಸುಮಾರು 20 ಸೆಂಟಿಮೀಟರ್ ಎತ್ತರದ ಸಣ್ಣ ಹಾಳೆ. ಮೊದಲು ಕೆಂಪು ಸೀಮೆಸುಣ್ಣ, ಅದರ ಮೇಲೆ ಲೇಖನಿ. ಈ ಗಿಡದ ಎಲೆಗಳು ನಿಜದಲ್ಲಿ ಹುಲ್ಲಿನಂತೆ ಕಿರಿದಾಗಿ, ಬುಡದಿಂದ ಎದ್ದು, ತಮ್ಮ ಭಾರಕ್ಕೆ ತಾವೇ ಬಾಗಿ ನೆಲಕ್ಕೆ ಒರಗುತ್ತವೆ. ಲಿಯೊನಾರ್ಡೊನ ಹಾಳೆಯಲ್ಲಿ ಅವು ಬಾಗುವುದಷ್ಟೇ ಅಲ್ಲ, ಸುಳಿಯುತ್ತವೆ: ಎಲ್ಲ ಎಲೆಗಳೂ ಒಂದೇ ನಡುವಿನ ಸುತ್ತ ತಿರುಗಿ, ಒಂದರ ಮೇಲೊಂದು ಹರಿದು, ಹೊಳೆಯ ಮಡುವಿನ ನೀರು ತಿರುಗಿದಂತೆ ಕಾಣುತ್ತವೆ. ಅದೇ ವರ್ಷಗಳಲ್ಲಿ ಅವನು ನೀರಿನ ಸುಳಿಗಳನ್ನು ಬರೆಯುತ್ತಿದ್ದ ಎಂಬುದನ್ನು ಎಲ್ಲ ವ್ಯಾಖ್ಯಾನಕಾರರೂ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಆದರೆ ಸುಳಿಯ ಮೇಲೆ ಎದ್ದು ನಿಂತ ಹೂಗಳ ಕಡೆ ನೋಡಿ. ಆರು ಎಸಳು, ಉದ್ದನೆಯ ತೊಟ್ಟು. ಅಲ್ಲಿ ಯಾವ ಅತಿಶಯವೂ ಇಲ್ಲ. ಕೆಳಗೆ, ನಮ್ಮ ಕಳ್ಳಿಯ ಕುಲಕ್ಕೇ ಸೇರಿದ ಯುಫೋರ್ಬಿಯದ ಹೂಗೊಂಚಲನ್ನು ಲೇಖನಿಯಿಂದ ಅಷ್ಟೇ ನಿಷ್ಠುರವಾಗಿ ಬರೆದಿದ್ದಾನೆ. ಒಂದೇ ಹಾಳೆಯಲ್ಲಿ ಗಿಡದ ಬೆಳವಣಿಗೆಯ ಬಲವನ್ನು ತೋರಿಸಲು ರೂಪವನ್ನು ಹಿಗ್ಗಿಸುವ ಕೈಯೂ ಇದೆ, ರೂಪವನ್ನು ಇದ್ದಂತೆ ಇಡುವ ಕೈಯೂ ಇದೆ.

ಈ ಹಾಳೆಗೂ ಲಿಯೊನಾರ್ಡೊ ಬರೆದ, ಗ್ರೀಕ್ ಪುರಾಣದ ಲೀಡಾ ಮತ್ತು ಹಂಸದ ಚಿತ್ರಕ್ಕೂ ಸಂಬಂಧವಿದೆ. ಮೂಲಚಿತ್ರ 17ನೆಯ ಶತಮಾನದಲ್ಲಿ ಫ್ರಾನ್ಸಿನ ಫೊಂಟೆನ್‌ಬ್ಲೊ ಅರಮನೆಯಲ್ಲಿತ್ತು, ಆಮೇಲೆ ಕಾಣೆಯಾಯಿತು. ಉಳಿದಿರುವ ನಕಲುಗಳಲ್ಲಿ ಲೀಡಾಳ ಕಾಲಬುಡದ ನೆಲದ ತುಂಬ ಹೂಗಿಡಗಳು ಎದ್ದಿವೆ. ಗಿಡದ ಜೊತೆಗಿನ ಅವನ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಈಗ ಪ್ಯಾರಿಸ್‌ನಲ್ಲಿರುವ ಟಿಪ್ಪಣಿ ಪುಸ್ತಕವೊಂದರಲ್ಲಿ, ಅನೇಕ ಗಿಡಗಳಲ್ಲಿ ಆರನೆಯ ಎಲೆ ಮೊದಲನೆಯ ಎಲೆಯ ನೇರ ಮೇಲಕ್ಕೆ ಬರುತ್ತದೆ ಎಂದು ದಾಖಲಿಸಿ, ಹೀಗೆ ಜೋಡಿಸಿಕೊಂಡರೆ ಎಲೆಗಳ ನಡುವೆ ಗಾಳಿಗೂ ಬಿಸಿಲಿಗೂ ಜಾಗ ಸಿಗುತ್ತದೆ ಎಂಬ ಕಾರಣವನ್ನೂ ಹೇಳುತ್ತಾನೆ. ಐದು ಎಲೆಗಳಿಗೆ ಕಾಂಡದ ಸುತ್ತ ಎರಡು ಸುತ್ತು ಎಂದು ಇಂದಿನ ಸಸ್ಯಶಾಸ್ತ್ರ ಲೆಕ್ಕ ಹೇಳುವ ಜೋಡಣೆ ಇದು. ನೂರಾರು ಕೊಂಬೆಗಳನ್ನು ಒಂದೊಂದಾಗಿ ಬರೆದ ಕೈ ಮಾತ್ರ ಹೇಳಬಹುದಾದ ಮಾತಿದು, ಓದಿನಿಂದ ಬರುವಂಥದ್ದಲ್ಲ.

ಡ್ಯೂರರ್ 1503ರಲ್ಲಿ ಬರೆದ ದೊಡ್ಡ ಹುಲ್ಲುಹೆಂಟೆ ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹದಲ್ಲಿದೆ. ಹೆಸರು ದೊಡ್ಡದಾದರೂ ಚಿತ್ರ 40 ಸೆಂಟಿಮೀಟರ್ ಎತ್ತರದ್ದು. ಜಲವರ್ಣ, ಅದರ ಮೇಲೆ ಬಿಳಿ ಬೆರೆಸಿದ ಮಂದ ಬಣ್ಣ. ವಿಷಯ ಏನೆಂದರೆ ಏನೂ ಅಲ್ಲ: ಕಾಲ ಕೆಳಗೆ ತುಳಿಯುವ ಹುಲ್ಲು. ಹಸುವೋ ಮೊಲವೋ ಕಣ್ಣು ತಗ್ಗಿಸಿ ನೋಡುವ ಎತ್ತರದಿಂದ ಬರೆದಿದ್ದಾನೆ, ಹಿನ್ನೆಲೆಯನ್ನು ಖಾಲಿ ಬಿಟ್ಟಿದ್ದಾನೆ, ಕೆಳಗೆ ಮಣ್ಣು ಸರಿದಲ್ಲಿ ಬೇರುಗಳು ಕಾಣುತ್ತವೆ. ಇಸವಿಯನ್ನು ಬಲಗಡೆ ಕೆಳಗಿನ ಕಪ್ಪು ಮಣ್ಣಿನಲ್ಲಿ ಹುಡುಕಿದರೆ ಮಾತ್ರ ಸಿಗುವಂತೆ ಅಡಗಿಸಿದ್ದಾನೆ. ಹೆಂಟೆಯನ್ನು ಅಗೆದು ತಂದು ಮನೆಯೊಳಗೆ ಇಟ್ಟುಕೊಂಡು ಬರೆದಿರಬೇಕು ಎಂದು ಅನೇಕರು ಹೇಳುತ್ತಾರೆ. ಎಲೆಗಳ ಮೇಲಿನ ಬೆಳಕು ಅಷ್ಟು ಸಮನಾಗಿರುವುದನ್ನು ನೋಡಿದರೆ ನನಗೂ ಹಾಗೆಯೇ ತೋರುತ್ತದೆ.

ಗಿಡಗಳನ್ನು ಗುರುತಿಸಲು ಸಸ್ಯಶಾಸ್ತ್ರಜ್ಞರಿಗೆ ಕಷ್ಟವಾಗಿಲ್ಲ. ಅಗಲ ಎಲೆಯ ಪ್ಲಾಂಟೇನ್, ಯಾರೊ, ಡೈಸಿ, ತೆನೆಬಿಟ್ಟ ಎರಡು ಮೂರು ಬಗೆಯ ಹುಲ್ಲುಗಳು, ತಲೆಯೆತ್ತಿ ನಿಂತ ಡ್ಯಾಂಡೆಲಿಯನ್. ಈ ಡ್ಯಾಂಡೆಲಿಯನ್‌ನ ಹೂಗಳ ಬಗ್ಗೆ ಒಂದು ಮಾತು. ಅವು ಅರಳಿಲ್ಲ, ಮುಚ್ಚಿಕೊಂಡಿವೆ. ಹಳದಿ ಹೂ ಮುದುಡಿದ ಮೇಲೆ, ಬಿಳಿಯ ಬೀಜದ ಚೆಂಡು ಬಿಚ್ಚುವ ಮೊದಲು, ಕೆಲವು ದಿನ ಈ ಗಿಡದ ತಲೆ ಹೀಗೆ ಬಿಗಿದುಕೊಂಡಿರುತ್ತದೆ. ಗಿಡದ ಪ್ರಸಿದ್ಧ ರೂಪಗಳು ಎರಡು: ಹಳದಿ ಹೂ, ಬಿಳಿ ಚೆಂಡು. ಡ್ಯೂರರ್ ಎರಡನ್ನೂ ಬಿಟ್ಟು ಯಾರೂ ನೆನಪಿಟ್ಟುಕೊಳ್ಳದ ನಡುಗಾಲವನ್ನು ಬರೆದ, ಏಕೆಂದರೆ ಆ ಹೆಂಟೆಯಲ್ಲಿ ಅವತ್ತು ಇದ್ದದ್ದು ಅದೇ. ಪ್ಲಿನಿಯ ಮೂರನೆಯ ಆಕ್ಷೇಪಕ್ಕೆ ಇದಕ್ಕಿಂತ ನೇರವಾದ ಉತ್ತರ ಇಲ್ಲ: ಹೌದು, ಚಿತ್ರ ಒಂದು ಗಳಿಗೆಯದು, ಆ ಗಳಿಗೆಯನ್ನೇ ಪೂರ್ತಿಯಾಗಿ ಕೊಡುತ್ತೇನೆ.

ಈ ಕಣ್ಣು ಮುದ್ರಣಕ್ಕೆ ಇಳಿದದ್ದು 1530ರಲ್ಲಿ. ಸ್ಟ್ರಾಸ್‌ಬರ್ಗ್‌ನ ಮುದ್ರಕ ಯೋಹಾನ್ ಶಾಟ್ ಆ ವರ್ಷ ಪ್ರಕಟಿಸಿದ ಗ್ರಂಥದ ಬರಹ ಓಟೊ ಬ್ರುನ್‌ಫೆಲ್ಸ್ ಎಂಬ ವಿದ್ವಾಂಸನದು. ಮರದಚ್ಚಿನ ಚಿತ್ರಗಳು ಡ್ಯೂರರ್‌ನ ಪ್ರಭಾವದಲ್ಲಿ ಬೆಳೆದ ಹಾನ್ಸ್ ವೈಡಿಟ್ಸ್‌ನವು. ಗ್ರಂಥದ ಹೆಸರೇ ಗಿಡಗಳ ಜೀವಂತ ಚಿತ್ರಗಳು ಎಂಬ ಅರ್ಥದ್ದು. ವೈಡಿಟ್ಸ್ ಬೇರುಸಹಿತ ಕಿತ್ತ ಗಿಡವನ್ನು ಕಿತ್ತ ಸ್ಥಿತಿಯಲ್ಲೇ ಬರೆದ: ಹುಳು ತಿಂದ ಎಲೆ, ಮುರಿದ ತೊಟ್ಟು, ಬಾಡಿ ಜೋತುಬಿದ್ದ ಕೊನೆ. ಅವನ ಮೂಲ ಜಲವರ್ಣಗಳಲ್ಲಿ ಕೆಲವನ್ನು ಬಾಸೆಲ್‌ನ ವೈದ್ಯ ಫೆಲಿಕ್ಸ್ ಪ್ಲಾಟರ್ ಕತ್ತರಿಸಿ ತನ್ನ ಒಣಗಿಡಗಳ ಸಂಗ್ರಹದೊಳಗೆ ಅಂಟಿಸಿಕೊಂಡಿದ್ದ. 20ನೆಯ ಶತಮಾನದಲ್ಲಿ ಅವು ಬರ್ನ್ ನಗರದಲ್ಲಿ ಬೆಳಕಿಗೆ ಬಂದವು. ಕತ್ತರಿಸಿದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ, ಆದರೆ ಅಂಟಿಸಿಕೊಂಡದ್ದರಿಂದಲೇ ಅವು ಉಳಿದವು.

ಚಿತ್ರಕಾರನೂ ವಿದ್ವಾಂಸನೂ ಇಲ್ಲಿ ಒಂದೇ ದಾರಿಯಲ್ಲಿರಲಿಲ್ಲ. ಬ್ರುನ್‌ಫೆಲ್ಸ್‌ಗೆ ಗಿಡವೆಂದರೆ ಹಳೆಯ ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳಲ್ಲಿ ಹೆಸರಿದ್ದ ಗಿಡ. ಔಷಧಿ ಅಂಗಡಿಗೂ ಗೊತ್ತಿಲ್ಲದ, ಶಾಸ್ತ್ರದ ಹೆಸರಿಲ್ಲದವನ್ನು ಅವನು ಬೆತ್ತಲೆ ಗಿಡಗಳು ಎಂದು ಕರೆದು ಕೊನೆಗೆ ತಳ್ಳಬೇಕೆಂದಿದ್ದ. ಆದರೆ ಅಚ್ಚುಗಳು ಸಿದ್ಧವಾದಂತೆ ಮುದ್ರಣ ನಡೆಯುತ್ತಿದ್ದುದರಿಂದ ಅವನು ಎಣಿಸಿದ ಕ್ರಮ ನಿಲ್ಲಲಿಲ್ಲ. ಹಾಗೆ ಒಳಗೆ ಬಂದದ್ದು ಪಾಸ್ಕ್ ಹೂವು ಎಂಬ ನೇರಳೆ ಬಣ್ಣದ ಕಾಡುಹೂ. ಬ್ರುನ್‌ಫೆಲ್ಸ್ ಅದರ ಬಗ್ಗೆ ಗೊಣಗುತ್ತಲೇ ಬರೆಯುತ್ತಾನೆ. ವೈಡಿಟ್ಸ್‌ನ ಚಿತ್ರವೋ ಇಡೀ ಗ್ರಂಥದಲ್ಲೇ ಅತ್ಯುತ್ತಮವಾದವುಗಳಲ್ಲಿ ಒಂದು. ಎಲೆಗಳ ಮೇಲಿನ ರೋಮ, ಬಾಗಿದ ಹೂವಿನ ಭಾರ ಎಲ್ಲವೂ ಅಲ್ಲಿವೆ. ಶಾಸ್ತ್ರ ಬೇಡವೆಂದದ್ದನ್ನು ಚಿತ್ರ ಉಳಿಸಿಕೊಂಡಿತು.

ಲಿಯೋನ್‌ಹಾರ್ಟ್ ಫುಕ್ಸ್‌ಗೆ ಈ ಹುಳು ತಿಂದ ಎಲೆಗಳು ಸರಿಬರಲಿಲ್ಲ. ಟ್ಯೂಬಿಂಗೆನ್‌ನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಅವನ ಬೃಹದ್ಗ್ರಂಥ 1542ರಲ್ಲಿ ಬಾಸೆಲ್‌ನಲ್ಲಿ ಪ್ರಕಟವಾಯಿತು. ಐನೂರಕ್ಕೂ ಹೆಚ್ಚು ಮರದಚ್ಚು ಚಿತ್ರಗಳು, ಬಹುತೇಕ ಇಡೀ ಪುಟದವು. ಗ್ರಂಥದ ಕೊನೆಯಲ್ಲಿ ಮೂವರು ಕುಶಲಕರ್ಮಿಗಳ ಭಾವಚಿತ್ರಗಳನ್ನೂ ಹೆಸರುಗಳನ್ನೂ ಹಾಕಿದ್ದಾನೆ: ಗಿಡವನ್ನು ನೋಡಿ ಬರೆಯುತ್ತಿರುವ ಆಲ್‌ಬ್ರೆಷ್ಟ್ ಮೇಯರ್, ಚಿತ್ರವನ್ನು ಮರದ ಹಲಗೆಗೆ ಇಳಿಸುತ್ತಿರುವ ಹೈನ್‌ರಿಷ್ ಫುಲ್‌ಮಾವರ್, ಹಲಗೆಯನ್ನು ಕೆತ್ತುವ ಫೈಟ್ ರುಡಾಲ್ಫ್ ಸ್ಪೆಕ್ಲ್. ಆ ಕಾಲದಲ್ಲಿ ಇದು ಅಪರೂಪದ ಮರ್ಯಾದೆ. ಆದರೆ ಮರ್ಯಾದೆಯ ಜೊತೆಗೆ ಲಗಾಮೂ ಇತ್ತು. ಚಿತ್ರಕಾರರು ಕೀರ್ತಿಗಾಗಿ ಹಾಕುವ ನೆರಳು ಮುಂತಾದ ಅನಗತ್ಯ ವಿಷಯಗಳಿಂದ ಗಿಡದ ರೂಪ ಮರೆಯಾಗದಂತೆ ನೋಡಿಕೊಂಡೆನೆಂದೂ, ಅವರನ್ನು ಮನಸ್ಸು ಬಂದಂತೆ ಬರೆಯಲು ಬಿಡಲಿಲ್ಲವೆಂದೂ ಫುಕ್ಸ್ ಮುನ್ನುಡಿಯಲ್ಲಿ ಹೇಳುತ್ತಾನೆ.

ನೆರಳು ಬೇಡ ಎಂಬುದಕ್ಕೆ ಅಚ್ಚಿನ ಕಾರಣವೂ ಉಂಟು. ಮರದಚ್ಚಿನಲ್ಲಿ ಗೆರೆಯ ಎರಡೂ ಬದಿಯ ಮರವನ್ನು ತೆಗೆದು ಗೆರೆಯನ್ನು ಮಾತ್ರ ಉಬ್ಬಾಗಿ ಉಳಿಸಬೇಕು. ನೆರಳೆಂದರೆ ಒತ್ತೊತ್ತಾದ ಗೆರೆಗಳು. ಗೆರೆ ಕಡಿಮೆಯಿದ್ದಷ್ಟೂ ಒಳಗಿನ ಬಿಳಿ ಜಾಗ ಹೆಚ್ಚು, ಕೈಯಿಂದ ಬಣ್ಣ ತುಂಬಲು ಅನುಕೂಲ. ಫುಕ್ಸ್‌ನ ಪುಟಗಳು ಇಂದಿಗೂ ಸ್ವಚ್ಛವಾಗಿ, ಆಧುನಿಕವಾಗಿ ಕಾಣುವುದು ಈ ಕಾರಣಕ್ಕೆ. ಅವನ ಚೆರಿ ಮರದಲ್ಲಿ ಹೂವೂ ಇದೆ, ಮಾಗಿದ ಹಣ್ಣೂ ಇದೆ. ಬಣ್ಣ ಹಾಕಿದ ಪ್ರತಿಗಳಲ್ಲಿ ಲಾಮಿಯಮ್ ಎಂಬ ಗಿಡ ಒಂದೇ ಬುಡದಿಂದ ಬಿಳಿ, ಹಳದಿ, ನೇರಳೆ ಮೂರೂ ಬಣ್ಣದ ಹೂಗಳನ್ನು ಬಿಟ್ಟಿದೆ. ಇಂಥ ಗಿಡ ಭೂಮಿಯ ಮೇಲೆ ಎಂದೂ ಇರಲಿಲ್ಲ. ಪ್ಲಿನಿಯ ಆಕ್ಷೇಪಕ್ಕೆ ಇದು ಎರಡನೆಯ ಉತ್ತರ: ಋತುಗಳನ್ನೆಲ್ಲ ಒಂದೇ ಗಿಡದಲ್ಲಿ ಕೂಡಿಸಿಬಿಡುವುದು. ವೈದ್ಯ ವಿದ್ಯಾರ್ಥಿ ಮೇ ತಿಂಗಳಲ್ಲಿ ಹೋಗಲಿ, ಆಗಸ್ಟ್‌ನಲ್ಲಿ ಹೋಗಲಿ, ಪುಸ್ತಕದ ಯಾವುದೋ ಒಂದು ಭಾಗ ಕಾಡಿನ ಗಿಡಕ್ಕೆ ಹೊಂದುತ್ತದೆ. ಉಪಯೋಗದ ದೃಷ್ಟಿಯಿಂದ ಫುಕ್ಸ್ ಗೆದ್ದ ಎನ್ನಬೇಕು. ಆದರೂ ಫುಕ್ಸ್‌ನ ಪುಟ ತಿರುಗಿಸುವಾಗ ನಾನು ಗಿಡದ ಬಗ್ಗೆ ತಿಳಿದುಕೊಳ್ಳುತ್ತೇನೆ, ವೈಡಿಟ್ಸ್‌ನ ಪುಟದಲ್ಲಿ ಗಿಡವನ್ನು ನೋಡುತ್ತೇನೆ. ಆಯ್ಕೆ ನನ್ನದಾದರೆ ಎರಡನೆಯದನ್ನೇ ತೆಗೆದುಕೊಳ್ಳುವೆ.

ಭಾರತಕ್ಕೆ ಸಂಬಂಧಿಸಿದ ಒಂದು ಪುಟ ಫುಕ್ಸ್‌ನಲ್ಲಿದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಕೊಲಂಬಸ್‌ನ ಯಾನಗಳ ನಂತರ ಅಮೆರಿಕದಿಂದ ಹೊರಟ ಮೆಣಸಿನಕಾಯಿ ಗಿಡವನ್ನು ಅವನು ಕಾಯಿ, ಹೂವು, ಎಲೆ ಸಮೇತ ಬಹಳ ಚೆನ್ನಾಗಿ ಬರೆಯಿಸಿದ್ದಾನೆ. ಹೆಸರು ಕೊಟ್ಟದ್ದು ಮಾತ್ರ ಕಲ್ಲಿಕೋಟೆಯ ಮೆಣಸು ಎಂದು. ಖಾರದ ಪದಾರ್ಥವೆಲ್ಲ ಮಲಬಾರಿನಿಂದಲೇ ಬರಬೇಕು ಎಂಬ ನಂಬಿಕೆ ಯೂರೋಪಿನಲ್ಲಿ ಅಷ್ಟು ಗಟ್ಟಿಯಾಗಿತ್ತು. ಮೆಕ್ಕೆಜೋಳವನ್ನೂ ಹೀಗೆಯೇ ತುರ್ಕಿಯ ಧಾನ್ಯವೆಂದು ಕರೆದ. ಬರಹ ತಪ್ಪಿದರೂ ಚಿತ್ರ ತಪ್ಪಲಿಲ್ಲ. ಅದನ್ನು ನೋಡಿ ನಮ್ಮ ಯಾವ ಅಡುಗೆಯವರೂ ಇದು ಮೆಣಸಿನಕಾಯಿ ಎಂದು ತಕ್ಷಣ ಹೇಳಬಲ್ಲರು.

ಶತಮಾನದ ಕೊನೆಯ ಭಾಗದಲ್ಲಿ ಹೂವಿನ ಚಿತ್ರ ಮತ್ತೆ ಅರಮನೆಗೆ ಹೋಯಿತು. ವೆರೋನಾದಿಂದ 1577ರಲ್ಲಿ ಫ್ಲಾರೆನ್ಸ್‌ಗೆ ಬಂದ ಯಾಕೊಪೊ ಲಿಗೊಟ್ಸಿ ಮೆದಿಚಿ ದೊರೆಗಾಗಿ ಬರೆದ ಗಿಡಗಳಲ್ಲಿ ಡ್ಯೂರರ್‌ನ ಹಟವೂ ಇದೆ, ಫುಕ್ಸ್‌ನ ಸ್ಪಷ್ಟತೆಯೂ ಇದೆ. ಯೋರಿಸ್ ಹೂಫ್‌ನಾಗೆಲ್ ಪ್ರಾಗ್‌ನ ಚಕ್ರವರ್ತಿಯ ಹಸ್ತಪ್ರತಿಯೊಂದರಲ್ಲಿ ಹೂವಿನ ಕಾಂಡವನ್ನು ಹಾಳೆಯ ಸೀಳಿನೊಳಗೆ ತೂರಿಸಿದಂತೆ ಬರೆದು, ಹಾಳೆಯ ಹಿಂಬದಿಯಲ್ಲಿ ಅದು ಹಾದುಹೋದ ಭಾಗವನ್ನೂ ಬರೆದು ನೋಡುಗರನ್ನು ಆಟವಾಡಿಸಿದ. ಇವೆಲ್ಲ ಸೊಗಸಿನ ಕೆಲಸಗಳು. ನಾನು ಕೊನೆಗೆಂದು ಇಟ್ಟುಕೊಂಡಿರುವುದು ಸೊಗಸಿನದ್ದಲ್ಲ.

ಜ್ಯೂರಿಕ್ ನಗರದ ವೈದ್ಯ ಕಾನ್‌ರಾಡ್ ಗೆಸ್ನರ್ ಸಸ್ಯಗಳ ಬೃಹತ್ ಚರಿತ್ರೆಯೊಂದನ್ನು ಬರೆಯಲು ವರ್ಷಗಟ್ಟಲೆ ಚಿತ್ರಗಳನ್ನು ಕೂಡಿಹಾಕಿದ; ಕೆಲವನ್ನು ತಾನೇ ಬರೆದ, ಕೆಲವನ್ನು ಬರೆಯಿಸಿದ, ಯೂರೋಪಿನ ಉದ್ದಗಲದ ಗೆಳೆಯರಿಂದ ಬೀಜ, ಒಣಹೂ, ಚಿತ್ರ ತರಿಸಿಕೊಂಡ. 1559ರ ಏಪ್ರಿಲ್‌ನಲ್ಲಿ ಆಗ್ಸ್‌ಬರ್ಗ್‌ನ ತೋಟವೊಂದರಲ್ಲಿ ಕೆಂಪು ಟ್ಯೂಲಿಪ್ ಕಂಡು ಅದರ ಚಿತ್ರವನ್ನು 1561ರಲ್ಲಿ ಅಚ್ಚು ಹಾಕಿಸಿದವನೂ ಅವನೇ. ಸುಮಾರು 1,500 ಚಿತ್ರಗಳ ಆ ಸಂಗ್ರಹ ಈಗ ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದಲ್ಲಿದೆ. ಅದರ ಹಾಳೆಗಳು ಚೊಕ್ಕಟವಲ್ಲ. ನಡುವೆ ಗಿಡ ನಿಂತಿರುತ್ತದೆ. ಸುತ್ತಲ ಖಾಲಿ ಜಾಗದಲ್ಲಿ ಬಿಡಿ ಹೂವು, ಎಸಳು ಕಿತ್ತ ಹೂವಿನ ಒಳಭಾಗ, ಕಾಯಿಯನ್ನು ಕೊಯ್ದ ನೋಟ, ಬೀಜ. ಮಿಕ್ಕ ಜಾಗದ ತುಂಬ ಅವನ ಸಣ್ಣ ಅಕ್ಷರದ ಲ್ಯಾಟಿನ್ ಟಿಪ್ಪಣಿ. ಸೂಕ್ಷ್ಮದರ್ಶಕ ಇನ್ನೂ ಹುಟ್ಟಿರಲಿಲ್ಲ, ಬರಿಗಣ್ಣಿಗೆ ಕಂಡಷ್ಟನ್ನೇ ಹಿಗ್ಗಿಸಿ ಬರೆಯಬೇಕಿತ್ತು.

ಪ್ಲಿನಿಗೆ ಮೂರನೆಯ ಉತ್ತರ ಈ ಹಾಳೆಗಳಲ್ಲಿದೆ. ಕಾಲಗಳನ್ನು ಒಂದೇ ಗಿಡದ ಮೈಮೇಲೆ ಹೇರದೆ, ಒಂದೇ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಇಡುವುದು. ಮಧ್ಯದ ಗಿಡ ಕಂಡಂತೆಯೇ ಇರುತ್ತದೆ, ಹೂವೂ ಬೀಜವೂ ತಮ್ಮ ತಮ್ಮ ದಿನದವಾಗಿ ಬೇರೆ ಬೇರೆ ಉಳಿಯುತ್ತವೆ. ಗಿಡಗಳ ಬಂಧುತ್ವವನ್ನು ಎಲೆಯಿಂದಲ್ಲ, ಹೂವು, ಹಣ್ಣು, ಬೀಜಗಳಿಂದ ಹುಡುಕಬೇಕು ಎಂದು ಗೆಸ್ನರ್ ಗೆಳೆಯರಿಗೆ ಬರೆದ ಪತ್ರಗಳಲ್ಲಿ ಹೇಳುತ್ತಿದ್ದ. ಆ ವಿಚಾರಕ್ಕೆ ತಕ್ಕ ಚಿತ್ರದ ವಿನ್ಯಾಸವನ್ನೂ ಅವನೇ ರೂಪಿಸಿಕೊಂಡ.

1565ರ ಡಿಸೆಂಬರ್‌ನಲ್ಲಿ ಗೆಸ್ನರ್ ಜ್ಯೂರಿಕ್‌ನಲ್ಲಿ ಪ್ಲೇಗ್‌ಗೆ ಬಲಿಯಾದ. ಗ್ರಂಥ ಮುಗಿದಿರಲಿಲ್ಲ. ಹಾಳೆಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಹೋಗಿ, ಕೊನೆಗೆ 1751ರಿಂದ 1771ರ ನಡುವೆ ಕಾಜಿಮಿರ್ ಕ್ರಿಸ್ಟೋಫ್ ಶ್ಮೀಡೆಲ್ ಅವುಗಳನ್ನು ಅಚ್ಚು ಹಾಕಿಸಿದ. ಅಷ್ಟರಲ್ಲಿ ಸ್ವೀಡನ್ನಿನ ಲಿನೇಯಸ್ ಕೇಸರಗಳನ್ನೂ ಹೂವಿನ ಹೆಣ್ಣುಭಾಗವಾದ ಶಲಾಕೆಗಳನ್ನೂ ಎಣಿಸಿ ಗಿಡಗಳನ್ನು ವರ್ಗೀಕರಿಸುವ ತನ್ನ ಪದ್ಧತಿಯನ್ನು 1735ರಲ್ಲೇ ಪ್ರಕಟಿಸಿ ಆಗಿತ್ತು. ಗೆಸ್ನರ್‌ನ ಹಾಳೆಗಳಿಂದ ಕಲಿಯಬಹುದಾಗಿದ್ದ ಶಾಸ್ತ್ರ ಬೇರೆ ದಾರಿ ಹಿಡಿದು, ಬಹಳ ತಡವಾಗಿ, ಹೂವಿನ ಒಳಭಾಗಕ್ಕೆ ಬಂದು ಸೇರಿತ್ತು.